ಸೇರು, ಪಾವು ಮತ್ತು ಒಂದಾಣೆಯ ಕೊತ್ತಂಬರಿ

ಮುಂಬಯಿ ಕನ್ನಡಿಗರ ಇತಿಹಾಸ ಹೇಳಲು ಕೂತವರು ಸಾಮಾನ್ಯವಾಗಿ ಎರಡು ಕಡೆಯಿಂದ ಶುರು ಮಾಡುತ್ತಾರೆ. ಒಂದು ಸಂಘ, ಇನ್ನೊಂದು ಹೋಟೆಲು. 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ, 1942ರಲ್ಲಿ ಮಾಟುಂಗಾದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಹೀಗೆ. ಇವೆಲ್ಲ ದೊಡ್ಡ ಕೆಲಸಗಳೇ, ಎರಡು ಮಾತಿಲ್ಲ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕಡೆ ಸಂಸಾರ ಹೂಡಿದ ನಮ್ಮಂಥವರ ಚರಿತ್ರೆ ಬೇಕಿದ್ದರೆ ಅದಕ್ಕೆ ಬೇರೊಂದು ದಫ್ತರವಿದೆ. ಅಡಿಗೆ ಮನೆಯ ಕಪಾಟಿನಲ್ಲಿ, ಉಪ್ಪಿನಕಾಯಿ ಭರಣಿಯ ಹಿಂದೆ, ಎಣ್ಣೆ ಕಲೆ ಬಿದ್ದು ಹಳದಿಯಾದ ಒಂದು ನೋಟುಬುಕ್ಕು. ನಮ್ಮ ತಲೆಮಾರಿನ ಎಷ್ಟೋ ಮನೆಗಳಲ್ಲಿ ಅದು ಇದೆ. ಇನ್ನೆಷ್ಟು ದಿನ ಇರುತ್ತದೆ ಎಂಬುದೇ ಪ್ರಶ್ನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಬೇಕು. ಹೋಟೆಲಿನ ಅಡಿಗೆ ಬೇರೆ, ಮನೆಯ ಅಡಿಗೆ ಬೇರೆ. ಉಡುಪಿ ಕಡೆಯಿಂದ ಮೊದಲಿಗೆ ಮುಂಬಯಿಗೆ ಬಂದವರು ಹೆಚ್ಚಾಗಿ ಗಂಡಸರು ಮತ್ತು ಮೀಸೆ ಮೂಡದ ಹುಡುಗರು. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ, ಮಲಗುವುದು ಹೋಟೆಲಿನ ಮೇಜಿನ ಮೇಲೆ. ಹೆಂಡತಿ ಮಕ್ಕಳು ಊರಲ್ಲಿ, ತಿಂಗಳಿಗೊಂದು ಮನಿಯಾರ್ಡರ್. ಈ ಗಂಡಸರು ಪರಊರಿನ ಗಿರಾಕಿಗೆ ಹಿಡಿಸುವಂತೆ ಇಡ್ಲಿ, ದೋಸೆ, ಸಾಂಬಾರು ಮಾಡಿದರು. ಅದನ್ನೇ ಲೋಕವೆಲ್ಲ ‘ಉಡುಪಿ’ ಎಂದು ಕರೆಯಿತು. ಆದರೆ ಬಸಳೆ ಹುಳಿ, ತಂಬುಳಿ, ಪತ್ರೊಡೆ, ಬಾಣಂತಿ ಲೇಹ್ಯ ಯಾವ ಬೋರ್ಡಿಗೂ ಹತ್ತಲಿಲ್ಲ. ಅವು ಹೆಂಗಸರ ಜೊತೆ ಊರಲ್ಲೇ ಉಳಿದಿದ್ದವು. ಅವು ಮುಂಬಯಿಗೆ ಬಂದದ್ದು ಹೆಂಗಸರು ಬಂದ ಮೇಲೆ.

ಹೆಂಗಸರು ಬರಲು ಮನೆ ಬೇಕು. ದಾದರ್, ಮಾಟುಂಗಾದಲ್ಲಿ ಪಗಡಿ ಕೊಟ್ಟು ಕೋಣೆ ಹಿಡಿಯುವುದು ಸಂಬಳದವನ ಕೈಯಲ್ಲಿ ಆಗುವ ಮಾತಲ್ಲ. ಹಾಗಾಗಿ ಜನ ರೈಲು ಹಳಿಯ ಗುಂಟ ಹೊರಗೆ ಸರಿದರು. ಈ ಹಳಿ ಹೊಸದೇನಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ಓಡಿದ್ದೇ ಈ ದೇಶದ ಮೊದಲ ಪ್ರಯಾಣಿಕರ ರೈಲು. ಮರುವರ್ಷವೇ, 1854ರಲ್ಲಿ, ಅದು ಕಲ್ಯಾಣಕ್ಕೆ ಮುಟ್ಟಿತು. ಆಮೇಲೆ ನೂರು ವರ್ಷ ಈ ಕಡೆ ಬಹುಪಾಲು ಭತ್ತದ ಗದ್ದೆಯೇ. 1960, 70ರ ದಶಕಗಳಲ್ಲಿ ಡೊಂಬಿವಲಿಯಲ್ಲಿ ಮೂರು ನಾಲ್ಕು ಮಾಳಿಗೆಯ ಕಟ್ಟಡಗಳೆದ್ದವು. ಖಾಡಿಯಾಚೆ 1970ರಲ್ಲಿ ಸಿಡ್ಕೊ ಹುಟ್ಟಿ ನವಿಮುಂಬಯಿಯ ನಕ್ಷೆ ಬರೆಯಿತು. 1973ರಲ್ಲಿ ವಾಶಿಗೆ ಸೇತುವೆ, 1992ರಲ್ಲಿ ರೈಲು. ಒಂದು ಕೋಣೆ, ಒಂದು ಅಡಿಗೆ ಮನೆ, ಕದ ಹಾಕಿಕೊಳ್ಳಬಹುದಾದ ಸ್ವಂತ ಬಚ್ಚಲು. ಇಷ್ಟಾದ ಮೇಲೆ ಗಂಡಸು ಊರಿಗೆ ಕಾಗದ ಬರೆದ: ಹೊರಟು ಬಾ.

ಬಂದವಳ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಊರಲ್ಲಿ ಕೂಡುಕುಟುಂಬ, ಅಲ್ಲಿ ಅವಳು ಕಾಯಿ ತುರಿದಿದ್ದಳು, ಬೆಂಕಿ ಊದಿದ್ದಳು. ಹುಳಿಗೆ ಉಪ್ಪು ಹಾಕುವ ಅಧಿಕಾರ ಅತ್ತೆಯದು. ಇಲ್ಲಿ ಒಮ್ಮೆಗೇ ಇಡೀ ಅಡಿಗೆ ಅವಳ ತಲೆ ಮೇಲೆ. ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಫೋನು ಇಲ್ಲ. ಹಾಗಾಗಿ ಅಮ್ಮನಿಗೆ ಇನ್‌ಲ್ಯಾಂಡ್ ಕಾಗದ, ಅಮ್ಮನಿಂದ ವಾಪಸು ಇನ್‌ಲ್ಯಾಂಡ್ ಕಾಗದ. ಕ್ಷೇಮಸಮಾಚಾರದ ಕೆಳಗೆ, ಮಡಿಸುವ ಅಂಚಿನ ತನಕ, ಕೊಡ್ಡೆಲ್ ಮಾಡುವ ಕ್ರಮ. ಅದನ್ನು ಮಗಳು ನೋಟುಬುಕ್ಕಿಗೆ ಇಳಿಸಿಕೊಂಡಳು. ಊರಲ್ಲೇ ಇದ್ದ ಅಕ್ಕತಂಗಿಯರಿಗೆ ಇಂಥ ಪುಸ್ತಕವೇ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಬರೆದಿಡುವ ಅಗತ್ಯ ಬಿದ್ದದ್ದು ದೂರ ಬಂದವಳಿಗೆ. ಅದಕ್ಕೇ ಈ ಪುಸ್ತಕಗಳಲ್ಲಿ ಹಬ್ಬದಡಿಗೆಗಿಂತ ಹೆಚ್ಚಿಗೆ ಇರುವುದು ಬಾಣಂತನದ ಮದ್ದು, ಮಗುವಿನ ಹೊಟ್ಟೆನೋವಿಗೆ ಓಮದ ಕಷಾಯ, ಶೀತಕ್ಕೆ ಮೆಣಸಿನ ಸಾರು. ಅಮ್ಮ ಹತ್ತಿರ ಇಲ್ಲದಾಗ ಬೇಕಾಗುವುದು ಇವೇ ಅಲ್ಲವೇ?

ನಮ್ಮ ಡೊಂಬಿವಲಿಯ ಕಟ್ಟಡದಲ್ಲಿ ಎದುರು ಬದುರು ಎರಡು ಕನ್ನಡ ಮನೆ. ನಮ್ಮದು ಉಡುಪಿ ಕಡೆಯದು, ಎದುರಿನವರದು ಬಿಜಾಪುರ. ಒಂದು ಸಲ ಎರಡೂ ಮನೆಯ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕೂತೆವು, ಬಾಣಂತಿಗೆ ಕೊಡುವ ಲೇಹ್ಯದ ಲೆಕ್ಕ ನೋಡಲು. ನಮ್ಮ ಅಮ್ಮನ ಅಕ್ಷರದಲ್ಲಿ ‘ಬೆಲ್ಲ ಅರ್ಧ ಸೇರು’ ಎಂದಿತ್ತು. ಎದುರು ಮನೆಯವರು ನಕ್ಕರು.

“ಅಲ್ರೀ ವೈನಿ, ಇಷ್ಟ ಪುಡಿಗೆ ಅರ್ಧ ಸೇರ ಬೆಲ್ಲ ಹಾಕಿದ್ರ ಅದು ಲೇಹ್ಯ ಆಗಂಗಿಲ್ಲ, ಪಾಕ ಆಗ್ತದ!”

“ನಮ್ಮ ಸೇರು ನಿಮ್ಮ ಸೇರಲ್ಲ ಮಾರಾಯ್ರೆ,” ಎಂದರು ನಮ್ಮ ಅಮ್ಮ.

ಈ ಒಂದು ಮಾತಿನಲ್ಲಿ ಒಂದು ಶತಮಾನದ ರಾಜಕೀಯವೇ ಇದೆ. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು ಮುಂಬಯಿಗೆ. ಮದ್ರಾಸಿನ ತೂಕದ ಸೇರು 24 ತೊಲದ್ದು. ಸರಕಾರ ಪ್ರಮಾಣವೆಂದು ಇಟ್ಟುಕೊಂಡ ಸೇರು 80 ತೊಲದ್ದು. ಒಂದು ತೊಲವೆಂದರೆ ಹಳೆಯ ಬೆಳ್ಳಿ ರೂಪಾಯಿಯ ತೂಕ, ಸುಮಾರು 11.66 ಗ್ರಾಂ. ಲೆಕ್ಕ ಹಾಕಿ ನೋಡಿ: ಮೊದಲನೆಯ ಅರ್ಧ ಸೇರು ಸುಮಾರು 140 ಗ್ರಾಂ, ಎರಡನೆಯದು 466 ಗ್ರಾಂ. ಒಂದೇ ಭಾಷೆ, ಒಂದೇ ಶಬ್ದ, ಒಂದೇ ಕಟ್ಟಡ. ಬೆಲ್ಲ ಮಾತ್ರ ಮೂರು ಪಟ್ಟು ವ್ಯತ್ಯಾಸ. ಇದರ ಮೇಲೆ ಅಕ್ಕಿ ಅಳೆಯುವ ಸೇರು, ಪಾವು, ನಮ್ಮ ಕಡೆಯ ಕುಡ್ತೆ ಬೇರೆ. ಅವು ತೂಕವಲ್ಲ, ಪಾತ್ರೆ.

ಪುಸ್ತಕದಲ್ಲಿ ಇನ್ನೊಂದು ಅಳತೆಯಿದೆ. ‘ಒಂದಾಣೆಯ ಕೊತ್ತಂಬರಿ ಸೊಪ್ಪು’. ‘ನಾಲ್ಕಾಣೆ ತೂಕ ಇಂಗು’. ಮೊದಲನೆಯದು ಬೆಲೆ, ಎರಡನೆಯದು ನಾಣ್ಯವನ್ನೇ ತಕ್ಕಡಿಗೆ ಹಾಕಿ ತೂಗುವ ಕ್ರಮ, ಅಂದರೆ ಹತ್ತಿರ ಹತ್ತಿರ 3 ಗ್ರಾಂ. 1957ರ ಏಪ್ರಿಲ್ 1ಕ್ಕೆ ಹೊಸ ಪೈಸೆ ಬಂದು ಆಣೆ ಹೋಯಿತು. 1960ರ ದಶಕದ ಆರಂಭದೊಳಗೆ ಕಿಲೋ ಗ್ರಾಂ ಕಡ್ಡಾಯವಾಗಿ ಸೇರೂ ಹೋಯಿತು. ಹೆಂಗಸರು ಮಾತ್ರ ಪುಸ್ತಕದಲ್ಲಿ ಅವನ್ನೇ ಬರೆಯುತ್ತ ಹೋದರು, ಏಕೆಂದರೆ ಕೈಗೆ ರೂಢಿಯಾದದ್ದು ಅದೇ. ಕೈಯ ಅಂದಾಜು ಇರುವ ತನಕ ತೊಂದರೆಯಿಲ್ಲ. ಕೈ ಹೋದ ಮೇಲೆ ಬರೀ ಶಬ್ದ ಉಳಿಯುತ್ತದೆ.

ಪುಟಗಳ ಅಂಚಿನಲ್ಲಿ ಬೇರೆ ಶಾಯಿಯ ತಿದ್ದುಪಡಿಗಳಿರುತ್ತವೆ. ನನಗೆ ಅವೇ ಹೆಚ್ಚು ಪ್ರೀತಿ. ‘ಮಿಕ್ಸಿಯಾದರೆ ನೀರು ಕಡಿಮೆ.’ ಊರಿನ ಕಡೆಯುವ ಕಲ್ಲು ಮೂರನೇ ಮಾಳಿಗೆಗೆ ಹೊತ್ತು ತಂದವರಿದ್ದರು. ಬೆಳಿಗ್ಗೆ ಐದಕ್ಕೆ ಅದರ ಗುಡುಗುಡು ಶುರುವಾದರೆ ಕೆಳಗಿನ ಮನೆಯವರು ಸುಮ್ಮನಿರುತ್ತಾರೆಯೇ? ಸುಮೀತ್ ಮಿಕ್ಸಿ 1960ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ್ದು. ಅದು ಮನೆಗೆ ಬಂದದ್ದೇ ಅರೆಪ್ಪಿನ ರುಚಿ ಬದಲಾಯಿತು, ಆದರೆ ಬೆಳಗಿನ ಒಂದು ಗಂಟೆ ಉಳಿಯಿತು. ಕಲ್ಯಾಣದಿಂದ ಸಿ.ಎಸ್.ಟಿ.ಗೆ 54 ಕಿಲೋಮೀಟರು. ಲೋಕಲ್ ಹಿಡಿಯುವವನ ಡಬ್ಬಿ ಆರೂವರೆಗೆ ಕಟ್ಟಬೇಕು. ಬೆಳಿಗ್ಗೆ ಮೂರು ಬಗೆಯ ಅಡಿಗೆ ಇದ್ದದ್ದು ಒಂದು ಪಲ್ಯ, ಚಪಾತಿಗೆ ಇಳಿಯಿತು. ಹುಳಿ ರಾತ್ರಿಗೆ ಸರಿಯಿತು. ರೈಲಿನ ಟೈಮ್‌ಟೇಬಲ್ಲು ನಮ್ಮ ಊಟದ ಕ್ರಮವನ್ನೇ ಬರೆಯಿತು.

ಇನ್ನು ಮಾರ್ಕೆಟ್ಟು. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅದಕ್ಕೆ ಮೊದಲು ನಮ್ಮ ಕರಾವಳಿಯವರು ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ಬಸ್ಸಿನಲ್ಲಿ ಬರುತ್ತಿದ್ದರು. ಅದಕ್ಕೂ ಹಿಂದೆ ಹಡಗಿನಲ್ಲಿ. ವರ್ಷಕ್ಕೊಮ್ಮೆ ತಂದ ಕುಚ್ಚಲಕ್ಕಿ, ಹುಣಸೆ, ಬ್ಯಾಡಗಿ ಮೆಣಸು ಎಷ್ಟು ದಿನ ಬಂದೀತು? ಹಾಗಾಗಿ ಊರಿನ ಹೆಸರಿಗೆ ಇಲ್ಲಿನ ಹೆಸರು ಹುಡುಕಬೇಕಾಯಿತು. ಪುಸ್ತಕದ ಹಿಂಬದಿಯ ಪುಟದಲ್ಲಿ ಅಮ್ಮನ ಸಣ್ಣ ನಿಘಂಟು: ಬಸಳೆ – ಮಾಯಾಳೂ. ಹರಿವೆ – ಮಾಠ. ಕುಚ್ಚಲಕ್ಕಿ – ಉಕಡಾ ತಾಂದೂಳ್. ಎದುರು ಮನೆಯವರ ಪುಸ್ತಕದಲ್ಲಿ: ಗುರೆಳ್ಳು – ಕಾರಳೆ. ಅಗಸಿ – ಜವಸ. ಮಳೆಗಾಲದಲ್ಲಿ ಸುತ್ತಲಿನ ಹಳ್ಳಿಗಳ ಆಗ್ರಿ ಹೆಂಗಸರು ಸ್ಟೇಶನ್ನಿನ ಹೊರಗೆ ಕೆಸುವಿನ ಎಲೆ ಹರಡಿ ಕೂರುತ್ತಿದ್ದರು. “ವಡೀಚಂ ಕೀ ಭಾಜೀಚಂ?” ಎಂದು ಕೇಳುತ್ತಿದ್ದರು. ವಡಿಗೋ, ಪಲ್ಯಕ್ಕೋ? ಕಪ್ಪು ದಂಟಿನದು ವಡಿಗೆ, ಅದೇ ನಮ್ಮ ಪತ್ರೊಡೆಗೂ ಸರಿ. ಅವರು ಕಡಲೆಹಿಟ್ಟು ಸವರಿ ಅಳುವಡಿ ಮಾಡುತ್ತಾರೆ, ನಾವು ಅಕ್ಕಿ ನೆನೆಸಿ ಕಾಯಿ, ಮೆಣಸು ಸೇರಿಸಿ ಅರೆದು ಸವರುತ್ತೇವೆ. ತುರಿಕೆಗೆ ಹೆದರಿ ಹುಣಸೆ ಹಾಕುವುದು ಮಾತ್ರ ಇಬ್ಬರಿಗೂ ಒಂದೇ. ಆ ಹೆಂಗಸರ ಮನೆಯ ಅಕ್ಕಿ ಭಾಕರಿ ಕಂಡು ಅಮ್ಮ, “ಇದು ನಮ್ಮ ಅಕ್ಕಿರೊಟ್ಟಿಯ ಅಕ್ಕನೇ!” ಎಂದಿದ್ದರು. ಬೇರೆ ಊರು ಪೂರ್ತಿ ಬೇರೆಯಲ್ಲ ಎಂದು ನಮಗೆ ಮೊದಲು ತಿಳಿದದ್ದು ಭಾಷಣದಿಂದಲ್ಲ, ಈ ಬುಟ್ಟಿಗಳಿಂದ.

ಬರೆದಿಟ್ಟರೆ ಉಳಿಯುತ್ತದೆ ಎನ್ನುವುದಕ್ಕೆ ಮುಂಬಯಿಯಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಉತ್ತರ ಕನ್ನಡ ಮೂಲದ ಚಿತ್ರಾಪುರ ಸಾರಸ್ವತರು ಬಹಳ ಮೊದಲೇ ಸಂಸಾರ ಸಮೇತ ಬಂದವರು. ಗಾಮದೇವಿಯಲ್ಲಿ 1915ರಲ್ಲೇ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿಕೊಂಡವರು. ಅಲ್ಲಿನ ಸಾರಸ್ವತ ಮಹಿಳಾ ಸಮಾಜ 1943ರಲ್ಲಿ ‘ರಸಚಂದ್ರಿಕಾ’ ಎಂಬ ಅಡಿಗೆ ಪುಸ್ತಕ ತಂದಿತು. ಬರೆದವರು ಅಂಬಾಬಾಯಿ ಸಂಶಿ. ಮನೆಮಾತು ಕೊಂಕಣಿ, ಊರಿನ ಶಾಲೆಯ ಮಾತು ಕನ್ನಡ, ಪುಸ್ತಕ ಅಚ್ಚಾದದ್ದು ಮರಾಠಿಯಲ್ಲಿ! ಮುಂದೆ ಅದು ಇಂಗ್ಲಿಷಿಗೂ ಬಂತು, ಮದುವೆಯಾದ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ದೇಶ ವಿದೇಶ ಸುತ್ತಿತು. ಮುಂದಿನವರು ಯಾವ ಲಿಪಿ ಓದಿಯಾರು ಎಂದು ಯೋಚಿಸಿದ್ದರಿಂದ ಆ ಅಡಿಗೆಗಳು ಇವತ್ತಿಗೂ ಒಲೆಯ ಮೇಲಿವೆ.

ನಮ್ಮ ನೋಟುಬುಕ್ಕುಗಳ ಗತಿ ಬೇರೆ. ಡೊಂಬಿವಲಿಯ ಕರ್ನಾಟಕ ಸಂಘದವರು ಮಂಜುನಾಥ ವಿದ್ಯಾಲಯ ಕಟ್ಟಿದರು, ಯಕ್ಷಗಾನ, ದಸರಾ, ರಾಜ್ಯೋತ್ಸವ ಎಲ್ಲ ನಡೆಸಿಕೊಂಡು ಬಂದರು. ಆದರೂ ಮೂರನೇ ತಲೆಮಾರಿನ ಹೆಚ್ಚಿನ ಮಕ್ಕಳಿಗೆ ಕನ್ನಡ ಕಿವಿಯಲ್ಲಿದೆ, ಕಣ್ಣಲ್ಲಿ ಇಲ್ಲ. ಅಜ್ಜಿಯ ಮಾತು ತಿಳಿಯುತ್ತದೆ, ಅಜ್ಜಿಯ ಅಕ್ಷರ ತಿಳಿಯುವುದಿಲ್ಲ. ಎದುರು ಮನೆಯವರು ತೀರಿಕೊಂಡಾಗ ಅವರ ಮೊಮ್ಮಗಳು ಆ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಳು. ಅವಳು ಏಳು ತಿಂಗಳ ಬಸುರಿ. “ಕಾಕೂ, ಇದರಲ್ಲಿ ಅಜ್ಜಿ ಏನು ಬರೆದಿದ್ದಾರೆ ಓದಿ ಹೇಳ್ತೀರಾ?” ಎಂದಳು. ನಾಲ್ಕು ಸಂಜೆ ಕೂತು ಓದಿದೆ, ಅವಳು ದೇವನಾಗರಿಯಲ್ಲಿ ಬರೆದುಕೊಂಡಳು. ಸೇರು ಬಂದಾಗಲೆಲ್ಲ ಅಜ್ಜಿಯ ಹಿತ್ತಾಳೆ ತಕ್ಕಡಿ ನೆನಪಿಸಿಕೊಂಡು ಗ್ರಾಂಗೆ ಇಳಿಸಿದೆವು. ‘ಹಿಡಿ’ ಬಂದಾಗ ಸೋತೆವು. ಯಾರ ಹಿಡಿ? ಅಜ್ಜಿಯ ಕೈ ಚಿಕ್ಕದು, ನನ್ನದು ದೊಡ್ಡದು. ಆ ಪುಟದ ಎದುರು ಅವಳು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋದಳು.

ಊರಿನಲ್ಲಿರುವ ನಿಮಗೆ ಇದೆಲ್ಲ ಪರದೇಶಿಗಳ ಗೋಳು ಅನ್ನಿಸಬಹುದು. ಆದರೆ ನಿಮ್ಮ ಮಕ್ಕಳೂ ಬೆಂಗಳೂರು, ಪುಣೆ, ಇನ್ನೂ ಆಚೆ ಹೋಗಿದ್ದಾರಲ್ಲ. ಡೊಂಬಿವಲಿಗೆ 1970ರಲ್ಲಿ ಬಂದದ್ದು ನಿಮ್ಮ ಬಾಗಿಲಿಗೂ ಬಂದಿದೆ. ನಿಮಗೆ ಒಂದು ಅನುಕೂಲ ಇದೆ: ಕೈ ಇನ್ನೂ ಮನೆಯಲ್ಲೇ ಇದೆ. ಅಮ್ಮನೋ ದೊಡ್ಡಮ್ಮನೋ ಸಾರಿನ ಪುಡಿ ಹುರಿಯಲು ಕೂತಾಗ ಒಂದು ತಕ್ಕಡಿ ತಂದು ಪಕ್ಕದಲ್ಲಿಡಿ. ಅವರು ಎತ್ತಿದ ಹಿಡಿ ಕೊತ್ತಂಬರಿಯನ್ನು ಬಾಣಲೆಗೆ ಬೀಳುವ ಮೊದಲು ತೂಗಿಬಿಡಿ. ಬೈಯುತ್ತಾರೆ, ಬೈಯಲಿ. ಅಂಕಿಯನ್ನು ಬರೆದು, ಪಕ್ಕದಲ್ಲಿ ಅವರ ಹೆಸರು, ಊರು, ತಾರೀಕು ಹಾಕಿ.