ಶಾರ್ಕ್ ಪ್ರಜನನ: ಅಧ್ಯಯನದ ಚರಿತ್ರೆ

ಶಾರ್ಕ್, ತೊರಕೆ ಮೊದಲಾದ ಮೃದ್ವಸ್ಥಿ ಮೀನುಗಳ ಗಂಡು ಹೆಣ್ಣು ಅಂಗಗಳ ರಚನೆ, ಬಸಿರು, ಅವು ಪ್ರಾಯಕ್ಕೆ ಬರುವ ಕಾಲ ಇವುಗಳನ್ನು ಕುರಿತ ತಿಳಿವಳಿಕೆ ಬೆಳೆದುಬಂದ ಬಗೆ. ಶಾರ್ಕನ್ನು ತುಳುನಾಡಿನ ಬಂದರುಗಳಲ್ಲಿ ತಾಟೆ ಎನ್ನುತ್ತಾರೆ, ಕೊಂಕಣಿಯವರು ಮೋರಿ ಎನ್ನುತ್ತಾರೆ.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕನ್ನಡಿಗರಿಗೆ ಮೀನೆಂದರೆ ಕೃಷ್ಣೆ, ಭೀಮೆ, ತುಂಗಭದ್ರೆಯ ಮೀನು, ಜುರಾಲ ಜಲಾಶಯದ ಮೀನು. ರೋಹು, ಕಾಟ್ಲಾಗಳ ಹೆಣ್ಣು ಮಳೆಗಾಲದ ಹೊಸ ನೀರಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುತ್ತದೆ, ಗಂಡು ನೀರಿನಲ್ಲೇ ಅವುಗಳ ಮೇಲೆ ವೀರ್ಯ ಬಿಡುತ್ತದೆ. ಅಲ್ಲಿಗೆ ತಾಯ್ತನ ಮುಗಿಯಿತು. ಕೊರಮೀನು ಮಾತ್ರ ಬೇರೆ. ಕೆರೆಯ ಮೇಲ್ಮೈಯಲ್ಲಿ ಕೆಂಪು ಮರಿಗಳ ಹಿಂಡು ಗುಳುಗುಳು ಆಡುತ್ತಿದ್ದರೆ, ಅದರಡಿ ದೊಡ್ಡ ಮೀನು ಕಾವಲಿಗಿದೆ ಎಂದೇ ಅರ್ಥ. ಆದರೆ ಮರಿಯನ್ನು ಹೊಟ್ಟೆಯಲ್ಲಿ ಹೊತ್ತು, ಹೊಕ್ಕುಳಬಳ್ಳಿಯಿಂದ ಉಣಿಸಿ ಹೆರುವ ಮೀನು ಈ ಸೀಮೆಯ ವಿದ್ಯಾರ್ಥಿಗೆ ಎದುರಾಗುವುದು ಹೊಳೆಯಲ್ಲಲ್ಲ, ಪ್ರಾಣಿಶಾಸ್ತ್ರದ ಪಠ್ಯದಲ್ಲಿ ಮತ್ತು ಪ್ರಯೋಗಶಾಲೆಯ ಫಾರ್ಮಲಿನ್ ಜಾಡಿಯಲ್ಲಿ. ಅದರ ಹೆಸರು ಸ್ಕೋಲಿಯೋಡಾನ್. ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಮೃದ್ವಸ್ಥಿ ಮೀನುಗಳ ಉದಾಹರಣೆಯಾಗಿ ಮೊದಲು ಬರುವುದೂ ಇದೇ.

ಶಾರ್ಕಿನ ಬಸಿರನ್ನು ಮೊದಲು ಬಿಡಿಸಿ ಹೇಳಿದವನು ಗ್ರೀಸಿನ ಅರಿಸ್ಟಾಟಲ್, ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ. ಒಂದು ಜಾತಿಯ ನುಣುಪು ಶಾರ್ಕಿನ ಮರಿ ಬಳ್ಳಿಯ ಮೂಲಕ ತಾಯಿಯ ಗರ್ಭಕ್ಕೆ ಅಂಟಿಕೊಂಡಿರುತ್ತದೆ ಎಂದು ಆತ ಬರೆದ. ಮೀನಿಗೆ ಮಾಸು ಇರುವುದೆಂದರೆ ಓದಿದವರಿಗೆ ನಂಬಿಕೆಯಾಗಲಿಲ್ಲ. 1842ರಲ್ಲಿ ಬರ್ಲಿನ್ನಿನ ಯೋಹಾನೆಸ್ ಮ್ಯುಲ್ಲರ್ ಅದೇ ಶಾರ್ಕನ್ನು ಸೀಳಿ ನೋಡಿ, ಹಳೆಯ ಮಾತು ಅಕ್ಷರಶಃ ನಿಜವೆಂದು ತೋರಿಸಿದ. ಎರಡು ಸಾವಿರ ವರ್ಷಕ್ಕೂ ಮೀರಿ ಕಾದ ಸತ್ಯ ಅದು.

ನಡುವೆ ನಡೆದ ಇನ್ನೊಂದು ಸಂಗತಿಗೆ ಈ ಚರಿತ್ರೆಯಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ. ಡೆನ್ಮಾರ್ಕಿನ ನಿಕೋಲಸ್ ಸ್ಟೆನೋ ಫ್ಲಾರೆನ್ಸಿನಲ್ಲಿದ್ದಾಗ ಹೆಣ್ಣು ಶಾರ್ಕೊಂದನ್ನು ಕೊಯ್ದು ನೋಡಿದ. ಆ ಕಾಲದಲ್ಲಿ ಹೆಂಗಸಿನ ಅಂಡಾಶಯವನ್ನು ‘ಹೆಣ್ಣಿನ ವೃಷಣ’ ಎಂದು ಕರೆಯುತ್ತಿದ್ದರು. ಶಾರ್ಕಿನಲ್ಲಿ ಅದೇ ಜಾಗದ ಅಂಗದೊಳಗೆ ಮೊಟ್ಟೆ ಇರುವುದನ್ನು ಕಂಡ ಸ್ಟೆನೋ, ಹೆಂಗಸಿನಲ್ಲಿರುವುದೂ ಮೊಟ್ಟೆಯ ಚೀಲವೇ ಎಂದು 1667ರಲ್ಲಿ ಪ್ರಕಟಿಸಿದ. ನಮ್ಮ ತಾಯಂದಿರ ಒಡಲನ್ನು ಸರಿಯಾಗಿ ಓದಲು ಮನುಷ್ಯನಿಗೆ ಕಲಿಸಿದ್ದು ಒಂದು ಶಾರ್ಕ್.

ಭಾರತದಲ್ಲಿ 1928ರಲ್ಲಿ ಇ. ಎಂ. ತಿಲ್ಲೈಯಂಪಲಂ ಅವರು ಇಂಡಿಯನ್ ಜೂವಾಲಾಜಿಕಲ್ ಮೆಮಾಯರ್ಸ್ ಮಾಲೆಗೆ ಸ್ಕೋಲಿಯೋಡಾನ್ ಕುರಿತ ಪುಸ್ತಕ ಬರೆದರು. ಕೆ. ಎನ್. ಬಹಲ್ ಸಂಪಾದಿಸಿದ ಆ ಮಾಲೆಯಿಂದಾಗಿ ಯುರೋಪಿನ ಡಾಗ್‌ಫಿಶ್ ಬದಲು ನಮ್ಮದೇ ಕಡಲಿನ ಮೀನು ಕಾಲೇಜುಗಳಲ್ಲಿ ಪಾಠವಾಯಿತು. 1940ರಲ್ಲಿ ಮಹಾದೇವನ್ ಭಾರತೀಯ ಶಾರ್ಕ್, ತೊರಕೆಗಳ ಗರ್ಭಕೋಶ ಮತ್ತು ಮಾಸಿನ ರಚನೆಯನ್ನು ವಿವರಿಸಿದರು. ಮುಂಬಯಿಯಲ್ಲಿ ಸೇಟ್ನಾ ಮತ್ತು ಸಾರಂಗಧರ್ 1940ರ ದಶಕದ ಕೊನೆಯಲ್ಲಿ ಭ್ರೂಣಗಳ ಬೆಳವಣಿಗೆಯನ್ನು ದಾಖಲಿಸಿದರು. ಕಲ್ಲಿಕೋಟೆಯ ಕಡಲಿನ ಸ್ಕೋಲಿಯೋಡಾನ್ ಯಾವಾಗ ಬಲಿಯುತ್ತದೆ ಎಂಬುದನ್ನು 1979ರಲ್ಲಿ ದೇವದಾಸ್ ಪ್ರಕಟಿಸಿದರು.

ಜಾಡಿಯಲ್ಲಿ ಕಾಣುವ ಈ ಮೀನು ಮೊಳದುದ್ದದ, ಬೂದುಬಣ್ಣದ, ಗುದ್ದಲಿಯಂತೆ ಚಪ್ಪಟೆ ಮೂತಿಯ ಬಡಪಾಯಿ. ಬಸುರಿಯ ಹೊಟ್ಟೆ ಬಿಡಿಸಿದರೆ ಎಡಬಲ ಎರಡು ಗರ್ಭಕೋಶ. ಒಳಗೆ ಒತ್ತೊತ್ತಾಗಿ ಮಲಗಿದ ಮರಿಗಳು. ಒಂದೊಂದರ ಎದೆರೆಕ್ಕೆಗಳ ನಡುವಿನಿಂದ ಬಳ್ಳಿ ಹೊರಟು ತಾಯಿಯ ಗರ್ಭಕೋಶದ ಗೋಡೆ ಸೇರುತ್ತದೆ, ಬಳ್ಳಿಯುದ್ದಕ್ಕೂ ಜಡೆಯ ಕೂದಲಿನಂಥ ಎಳೆಗಳು. ಇದರ ಅಂಡ ಸುಮಾರು 1 ಮಿಲಿಮೀಟರ್, ಸಾಸಿವೆಯಷ್ಟೂ ಇಲ್ಲ. ಬೇರೆ ಶಾರ್ಕುಗಳ ಅಂಡದಲ್ಲಿ ಮರಿಗೆ ಬುತ್ತಿಯಾಗಿ ಬಂಡಾರವಿರುತ್ತದೆ, ಇದರಲ್ಲಿ ಹೆಸರಿಗಷ್ಟೇ. ಆದ್ದರಿಂದ ಮರಿ ಬಹು ಬೇಗ ತಾಯಿಗೆ ಅಂಟಿಕೊಂಡು, ಐದಾರು ತಿಂಗಳು ಅವಳ ರಕ್ತದ ಸಾರವನ್ನೇ ಉಂಡು, 12ರಿಂದ 15 ಸೆಂಟಿಮೀಟರ್ ಬೆಳೆದು ಹುಟ್ಟುತ್ತದೆ. ಒಂದು ಬಸಿರಿಗೆ ಸಾಮಾನ್ಯವಾಗಿ 6ರಿಂದ 18 ಮರಿ. ಮಾಸಿನ ವಿಕಾಸದಲ್ಲಿ ಇಷ್ಟು ಮುಂದೆ ಹೋದ ಶಾರ್ಕ್ ಇನ್ನೊಂದಿಲ್ಲವೆಂದು 1993ರಲ್ಲಿ ಅಮೆರಿಕದ ವೂರ್ಮ್ಸ್ ವಾದಿಸಿದರು. ಪರೀಕ್ಷೆಗೆ ಹಲ್ಲು, ಕಿವಿರು, ಮಿದುಳು ಎಂದು ಬಾಯಿಪಾಠ ಮಾಡಿಸಿದ ನಮ್ಮ ಪಾಠಗಳು ಈ ಬೆರಗನ್ನು ಮಕ್ಕಳಿಗೆ ಸರಿಯಾಗಿ ತೋರಿಸಲಿಲ್ಲ ಎಂಬುದು ನೋವಿನ ಮಾತು.

ಗಂಡಿನ ಗುರುತು ಸುಲಭ. ಹೊಟ್ಟೆಯಡಿಯ ರೆಕ್ಕೆಗಳ ಒಳ ಅಂಚಿನಲ್ಲಿ ಎರಡು ಕೋಲಿನಂಥ ಕ್ಲಾಸ್ಪರ್ ಇರುತ್ತವೆ. ಹೆಣ್ಣನ್ನು ಹಿಡಿದುಕೊಳ್ಳುವ ಅಂಗವೆಂದು ಹಿಂದಿನವರು ತಿಳಿದದ್ದರಿಂದ ಆ ಹೆಸರು ಬಂತು. ನಿಜಕ್ಕೂ ಅವು ವೀರ್ಯವನ್ನು ಹೆಣ್ಣಿನೊಳಗೆ ಸೇರಿಸುವ ಅಂಗ. ಎಳೆಯದರಲ್ಲಿ ಅವು ಗಿಡ್ಡ, ಮೆತ್ತಗೆ. ಪ್ರಾಯಕ್ಕೆ ಬಂದಂತೆ ಸುಣ್ಣ ಕೂಡಿ ಗಡುಸಾಗಿ, ಬೆರಳಿನಿಂದ ಮುಂದಕ್ಕೆ ತಿರುಗಿಸಲು ಬರುತ್ತವೆ. ಬಂದರಿನಲ್ಲಿ ಸಂಶೋಧಕರು ಇಂದಿಗೂ ನೋಡುವುದು ಇದನ್ನೇ. ಹೆಣ್ಣಿಗಾದರೆ ಹೊಟ್ಟೆ ಬಿಡಿಸಿ ಅಂಡಾಶಯ, ಚಿಪ್ಪುಗ್ರಂಥಿ, ಗರ್ಭಕೋಶಗಳ ಅಗಲ ಅಳೆಯಬೇಕು.

ಪ್ರಾಯದ ಲೆಕ್ಕದಲ್ಲಿ ಶಾರ್ಕುಗಳಲ್ಲಿ ಅಜಗಜಾಂತರವಿದೆ. ಸ್ಕೋಲಿಯೋಡಾನ್ ಹೆಣ್ಣು ಸುಮಾರು 33ರಿಂದ 35 ಸೆಂಟಿಮೀಟರಿಗೆ, ಒಂದೆರಡು ವರ್ಷದೊಳಗೆ ತಾಯಾಗಬಲ್ಲದು. ಉತ್ತರ ಅಟ್ಲಾಂಟಿಕಿನ ಗ್ರೀನ್‌ಲ್ಯಾಂಡ್ ಶಾರ್ಕಿನ ಹೆಣ್ಣು ಪ್ರಾಯಕ್ಕೆ ಬರಲು ಸುಮಾರು 150 ವರ್ಷ ಬೇಕೆಂದು 2016ರ ಅಧ್ಯಯನ ಅಂದಾಜಿಸಿತು. 1995ರಲ್ಲಿ ತೈವಾನಿನಲ್ಲಿ ಸಿಕ್ಕ ಒಂದು ಬಸುರಿ ತಿಮಿಂಗಿಲ ಶಾರ್ಕಿನ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು. ಭಾರತ 2001ರಲ್ಲಿ ಈ ಜಾತಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಕೊಟ್ಟಿತು.

ಪುಟ್ಟ ಸ್ಕೋಲಿಯೋಡಾನ್‌ಗೆ ಅಂಥ ಆಸರೆ ಇರಲಿಲ್ಲ. ಬಾಣಂತಿಗೆ ಹಾಲು ಹೆಚ್ಚಲೆಂದು ಕರಾವಳಿಯ ಮನೆಗಳಲ್ಲಿ ಎಳೆ ತಾಟೆಯ ಸಾರು ಮಾಡುವ ರೂಢಿ ಹಳೆಯದು. ಟ್ರಾಲ್ ಬಲೆ ಬಂದ ಮೇಲೆ ಬಸುರಿಯೂ ಮರಿಯೂ ಒಂದೇ ಬುಟ್ಟಿಗೆ ಬೀಳತೊಡಗಿದವು. ಇತ್ತ ಪ್ರಯೋಗಶಾಲೆಯ ಮಟ್ಟಿಗೆ, ಯುಜಿಸಿ 2011ರಲ್ಲಿ ಕಾಲೇಜುಗಳ ಪ್ರಾಣಿ ಛೇದನಕ್ಕೆ ಕಡಿವಾಣ ಹಾಕಿ, 2014ರಲ್ಲಿ ಇನ್ನಷ್ಟು ಬಿಗಿ ಮಾಡಿತು. 2022ರ ಪನಾಮಾ ಸಭೆಯಲ್ಲಿ ಸ್ಕೋಲಿಯೋಡಾನ್ ಸೇರಿರುವ ಇಡೀ ಕುಟುಂಬವನ್ನು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಯಿತು. ಇದರಿಂದ ಹಿಡಿತಕ್ಕೆ ಬಂದದ್ದು ದೇಶದಾಚೆಯ ವ್ಯಾಪಾರ ಮಾತ್ರ.

ಕರ್ನಾಟಕದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಳೆಗಾಲದಲ್ಲಿ ಮೊಟ್ಟೆಯಿಡುವ ಮೀನಿಗೆ ಇದು ಹೊಂದುತ್ತದೆ. ಸ್ಕೋಲಿಯೋಡಾನ್ ವರ್ಷವಿಡೀ ಹೆರುತ್ತದೆ, ಅದರ ಬಸಿರು ಐದಾರು ತಿಂಗಳಿನದು. ಅದಕ್ಕೆ ಬೇಕಾದದ್ದು ತಿಂಗಳ ಲೆಕ್ಕವಲ್ಲ, ಉದ್ದದ ಲೆಕ್ಕ: ಒಮ್ಮೆಯೂ ಹೆರದ ಹೆಣ್ಣು ಬಲೆಗೆ ಬಿದ್ದರೆ ಜೀವವಿರುವಾಗಲೇ ಕಡಲಿಗೆ ಬಿಡುವ ನಿಯಮ.