ಬೀಟಾ-ಕ್ಯಾರೊಟಿನ್ ಮಾತ್ರೆಯ ಚರಿತ್ರೆ ಮತ್ತು ಸುರಕ್ಷತೆ: ಚಿತ್ರದುರ್ಗ ಸೀಮೆಯ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಅಡಿಕೆ, ತೆಂಗಿನ ತೋಟಗಳಿವೆ. ಎಲೆಅಡಿಕೆ, ಹೊಗೆಸೊಪ್ಪು, ಬೀಡಿ ಈ ಸೀಮೆಗೆ ಹೊಸವಲ್ಲ. ‘ಕಣ್ಣಿಗೆ ಒಳ್ಳೆಯದು, ಕ್ಯಾನ್ಸರ್ ಬಾರದು’ ಎಂಬ ನಂಬಿಕೆಯಿಂದ ನುಂಗುವ ಬೀಟಾ-ಕ್ಯಾರೊಟಿನ್ ಮಾತ್ರೆಯನ್ನು ಇಲ್ಲಿ ವಿಶೇಷ ಎಚ್ಚರದಿಂದ ನೋಡಬೇಕಾದುದು ಈ ಕಾರಣಕ್ಕೆ.

1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಕ್ಯಾರೆಟ್‌ನಿಂದ ಈ ಬಣ್ಣದ ವಸ್ತುವನ್ನು ಬೇರ್ಪಡಿಸಿದರು. ಅದು ದೇಹದೊಳಗೆ ‘ಎ’ ಜೀವಸತ್ವವಾಗಿ ಮಾರ್ಪಡುತ್ತದೆಂದು ಥಾಮಸ್ ಮೂರ್ 1930ರ ಸುಮಾರಿಗೆ ಇಲಿಗಳಲ್ಲಿ ತೋರಿಸಿದರು. ಈ ಮಾರ್ಪಾಡು ಯಕೃತ್ತಿನಲ್ಲಿ ನಡೆಯುತ್ತದೆಂಬುದು ಆಗಿನ ಎಣಿಕೆ. ಅದು ಕರುಳಿನಲ್ಲೇ ಆಗುತ್ತದೆಂದು 1949ರಲ್ಲಿ ಇಂಗ್ಲೆಂಡಿನಿಂದ ವರದಿ ಮಾಡಿದ ಮೂವರಲ್ಲಿ ಜೆ. ಗಂಗೂಲಿ ಒಬ್ಬರು. ಮುಂದೆ ಅವರೂ ಎಚ್.ಆರ್. ಕಾಮಾ ಅವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಎ’ ಜೀವಸತ್ವದ ಸಂಶೋಧನೆಯನ್ನು ಬೆಳೆಸಿದರು.

1950ರ ದಶಕದಲ್ಲಿ ಕೃತಕ ಬೀಟಾ-ಕ್ಯಾರೊಟಿನ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಬಿಸಿಲು ತಾಗಿದರೆ ಚರ್ಮ ಉರಿಯುವ, ಎರಿತ್ರೊಪೊಯೆಟಿಕ್ ಪ್ರೊಟೊಪೊರ್ಫೀರಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ ಅಮೆರಿಕವು 1975ರಲ್ಲಿ ಇದನ್ನು ಔಷಧವಾಗಿ ಒಪ್ಪಿತು. ಹೆಚ್ಚು ಸೇವಿಸಿದರೆ ಅಂಗೈ, ಅಂಗಾಲು ಹಳದಿಯಾಗುವುದುಂಟು. ನಿಲ್ಲಿಸಿದರೆ ಬಣ್ಣ ಇಳಿಯುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಇರುಳುಗಣ್ಣು ಮತ್ತು ಅಂಧತ್ವ ತಡೆಯಲು ಭಾರತ 1970ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಕುಡಿಸುವುದು ನೇರ ‘ಎ’ ಜೀವಸತ್ವ, ಬೀಟಾ-ಕ್ಯಾರೊಟಿನ್ ಅಲ್ಲ. ಒಂಬತ್ತನೇ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್. ದೊಡ್ಡವರ ಮಾತ್ರೆಯ ವಿಷಯದಲ್ಲಿ ಮುಂದೆ ಹೇಳುವ ಎಚ್ಚರಿಕೆ ಮಕ್ಕಳ ಈ ಹನಿಗೆ ಅನ್ವಯಿಸದು.

ಕ್ಯಾನ್ಸರ್ ತಡೆಯ ಆಸೆ ಬಲಗೊಂಡದ್ದು 1981ರಲ್ಲಿ, ರಿಚರ್ಡ್ ಪೀಟೊ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಆ ಪ್ರಶ್ನೆ ಎತ್ತಿದ ಮೇಲೆ. ಅಡಿಕೆ ಸೀಮೆಗೆ ತೀರ ಹತ್ತಿರದ ಪರೀಕ್ಷೆ ಕೇರಳದ್ದು. ಬಾಯಲ್ಲಿ ಬಿಳಿ ಮಚ್ಚೆಯಿದ್ದ ಮೀನುಗಾರ ಸಮುದಾಯದವರ ಮೇಲೆ ನಡೆದ ಆ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಬೀಟಾ-ಕ್ಯಾರೊಟಿನ್ ಪಡೆದವರಲ್ಲಿ ಶೇ. 33, ‘ಎ’ ಜೀವಸತ್ವ ಪಡೆದವರಲ್ಲಿ ಶೇ. 52, ಹುಸಿಮಾತ್ರೆ ಪಡೆದವರಲ್ಲಿ ಶೇ. 10 ಮಂದಿಗೆ ಮಚ್ಚೆ ಪೂರ್ತಿ ಮಾಯವಾಯಿತು. ಆದರೆ ಮಾತ್ರೆ ನಿಂತ ಮೇಲೆ, ಬೀಟಾ-ಕ್ಯಾರೊಟಿನ್‌ನಿಂದ ಗುಣ ಕಂಡಿದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅದು ಮರುಕಳಿಸಿತು.

ಅಷ್ಟರಲ್ಲಿ ಧೂಮಪಾನಿಗಳ ವಿಷಯದಲ್ಲಿ ಆಸೆ ತಲೆಕೆಳಗಾಗಿತ್ತು. ಫಿನ್ಲೆಂಡಿನ 29,133 ಧೂಮಪಾನಿ ಪುರುಷರ ಅಧ್ಯಯನದಲ್ಲಿ ದಿನಕ್ಕೆ 20 ಮಿ.ಗ್ರಾಂ. ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಬಂತು (1994). ಅಮೆರಿಕದಲ್ಲಿ ಧೂಮಪಾನಿಗಳಿಗೂ ಕಲ್ನಾರಿನ ಕೆಲಸಗಾರರಿಗೂ ಬೀಟಾ-ಕ್ಯಾರೊಟಿನ್ ಜೊತೆ ‘ಎ’ ಜೀವಸತ್ವ ಕೊಟ್ಟ ಪರೀಕ್ಷೆಯಲ್ಲಿ ಈ ಹೆಚ್ಚಳ ಶೇ. 28, 1996ರ ಜನವರಿಯಲ್ಲಿ ಅದನ್ನು ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಲಾಯಿತು. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಈ ವಸ್ತು ಆಕ್ಸಿಡೀಕರಣಗೊಂಡು ಒಡೆದು, ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ರೆಟಿನಾಯಿಕ್ ಆಮ್ಲವನ್ನು ಕುಗ್ಗಿಸುತ್ತದೆಂದು ಫೆರೆಟ್ ಎಂಬ ಪ್ರಾಣಿಯ ಮೇಲಿನ ಪ್ರಯೋಗಗಳು ಸೂಚಿಸಿದವು. ಮುಪ್ಪಿನ ಅಕ್ಷಿಪಟಲ ರೋಗಕ್ಕೆ ಕೊಡುವ ಮಿಶ್ರಣದಲ್ಲೂ 2013ರ ಅಧ್ಯಯನದ ನಂತರ ಬೀಟಾ-ಕ್ಯಾರೊಟಿನ್ ಬದಲು ಲ್ಯೂಟೀನ್, ಜಿಯಾಕ್ಸಾಂಥಿನ್ ಬಂದವು.

ಇದಕ್ಕೆ ಇನ್ನೊಂದು ಮುಖವೂ ಇದೆ. ಪೋಷಕಾಂಶಗಳ ಕೊರತೆಯಿದ್ದ ಚೀನಾದ ಲಿನ್‌ಶಿಯನ್‌ನಲ್ಲಿ ಬೀಟಾ-ಕ್ಯಾರೊಟಿನ್, ‘ಇ’ ಜೀವಸತ್ವ, ಸೆಲೆನಿಯಂಗಳನ್ನು ಒಟ್ಟಿಗೆ ಕೊಟ್ಟಾಗ ಸಾವು ಶೇ. 9ರಷ್ಟು ಇಳಿಯಿತು (1993). ಕೊರತೆಯಿದ್ದ ಕಡೆ ಇಂಥ ಮಿಶ್ರಣ ನೆರವಾದೀತು. ಹಾಗೆಂದು ಬೀಡಿ ಸೇದುವವರ ಅಪಾಯ ಇಲ್ಲವಾಗದು.

ಅಮೆರಿಕದ ತಡೆಗಟ್ಟುವಿಕೆ ಸೇವೆಗಳ ಕಾರ್ಯಪಡೆ 2022ರಲ್ಲಿ, ಕ್ಯಾನ್ಸರ್ ಅಥವಾ ಹೃದ್ರೋಗ ತಡೆಗೆ ಈ ಮಾತ್ರೆ ಬೇಡವೆಂದಿತು. ಈ ಮಾತು ಚಿತ್ರದುರ್ಗಕ್ಕೂ ಸಲ್ಲುತ್ತದೆ. ನುಗ್ಗೆಸೊಪ್ಪಿನ ಪಲ್ಯ, ದಂಟಿನ ಸೊಪ್ಪಿನ ಬಸ್ಸಾರು, ಪರಂಗಿ ಹಣ್ಣುಗಳಲ್ಲಿ ಬೀಟಾ-ಕ್ಯಾರೊಟಿನ್ ಸಿಗುತ್ತದೆ. ಒಗ್ಗರಣೆಯ ಎಣ್ಣೆ ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ. ಬೀಡಿ, ಸಿಗರೇಟು ಸೇದುವವರು ಈ ಮಾತ್ರೆಯಿಂದ ದೂರವಿರಬೇಕು. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿರುವುದರಿಂದ, ಬಾಯಲ್ಲಿ ಬಿಳಿ ಮಚ್ಚೆ ಕಂಡವರು ಅಗಿಯುವುದನ್ನು ಬಿಟ್ಟು ಮೊದಲು ವೈದ್ಯರಿಗೆ ತೋರಿಸಬೇಕು.