ಗಾಡಿಯ ಹಿಂದೆ ನಡೆದವರು

ಅಮೆರಿಕದ ಪಶ್ಚಿಮದ ಕಥೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕುದುರೆ, ಬಂದೂಕು ಮತ್ತು ಅಗಲ ಟೊಪ್ಪಿಯ ಗಂಡಸು. ಸಿನಿಮಾಗಳಲ್ಲಿ ನಾವು ನೋಡಿದ್ದು ಅವನನ್ನೇ. ಅವನಿಗೆ ಅಡುಗೆ ಮಾಡಿ ಹಾಕಿದವರು ಯಾರು, ದಾರಿಯಲ್ಲಿ ಹುಟ್ಟಿದ ಮಗುವನ್ನು ಎತ್ತಿಕೊಂಡು ನಡೆದವರು ಯಾರು ಎಂದು ನಾವು ಕೇಳಲಿಲ್ಲ.

1840ರ ದಶಕದಿಂದ ಮಿಸೌರಿ ನದಿಯ ದಂಡೆಯಿಂದ ಆರೆಗಾನ್‌ವರೆಗಿನ ಸುಮಾರು 3,200 ಕಿಲೋಮೀಟರ್ ದಾರಿಯಲ್ಲಿ ಸಾವಿರಾರು ಕುಟುಂಬಗಳು ಹೊರಟವು. ನಾಲ್ಕರಿಂದ ಆರು ತಿಂಗಳ ಪಯಣ. ಎತ್ತಿನ ಗಾಡಿಯ ತುಂಬ ಸಾಮಾನು. ಹೆಂಗಸರೂ ಮಕ್ಕಳೂ ಬಹುಪಾಲು ನಡೆದೇ ಹೋದರು. ಸೌದೆ ಸಿಗದ ಬಯಲಿನಲ್ಲಿ ಕಾಡೆಮ್ಮೆಯ ಒಣ ಸಗಣಿ ಆಯ್ದು ಒಲೆ ಹಚ್ಚಿದರು. ಬೆರಣಿ ತಟ್ಟಿದ ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ಬೆರಗಾಗುತ್ತಿರಲಿಲ್ಲ. ಕಾಲರಾದಿಂದ ಸತ್ತವರನ್ನು ದಾರಿಬದಿಯಲ್ಲೇ ಮಣ್ಣು ಮಾಡಿ ಮುಂದೆ ನಡೆಯಬೇಕಿತ್ತು.

1862ರ ಹೋಮ್‌ಸ್ಟೆಡ್ ಕಾಯಿದೆ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಕೊಟ್ಟಿತು. ಅವಿವಾಹಿತೆಯರೂ ವಿಧವೆಯರೂ ಸ್ವಂತ ಹೆಸರಿನಲ್ಲಿ ಭೂಮಿ ಪಡೆದರು. ಗಂಡನ ಜೊತೆ ಅಷ್ಟೇ ದುಡಿದವಳಿಗೆ ಸಾಮಾನ್ಯವಾಗಿ ಆ ಹಕ್ಕಿರಲಿಲ್ಲ. ಆದರೂ 1869ರಲ್ಲಿ ವಯೋಮಿಂಗ್ ಪ್ರಾಂತ್ಯ ಮಹಿಳೆಯರಿಗೆ ಮತದಾನದ ಹಕ್ಕು ನೀಡಿತು. ಇಡೀ ದೇಶದ ಸಂವಿಧಾನ ಅದನ್ನು ಒಪ್ಪಿದ್ದು 1920ರಲ್ಲಿ.

ಬಿಳಿಯ ಹೆಂಗಸರು ಮಾತ್ರ ಈ ದಾರಿ ನಡೆಯಲಿಲ್ಲ. ಗುಲಾಮರಾಗಿದ್ದ ಬಿಡ್ಡಿ ಮೇಸನ್ 1848ರಲ್ಲಿ ಮೂವರು ಹೆಣ್ಣುಮಕ್ಕಳೊಂದಿಗೆ, ಒಡೆಯನ ದನಗಳನ್ನು ಕಾಯುತ್ತ ಯೂಟಾಗೆ ನಡೆದರು. 1851ರಲ್ಲಿ ಕ್ಯಾಲಿಫೋರ್ನಿಯಾಗೆ ಬಂದರು. ಅಲ್ಲಿನ ಕಾನೂನು ಗುಲಾಮಗಿರಿಯನ್ನು ಒಪ್ಪುತ್ತಿರಲಿಲ್ಲ. 1856ರಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಸೂಲಗಿತ್ತಿಯಾಗಿ ದುಡಿದ ಹಣದಿಂದ 1866ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜಾಗ ಕೊಂಡರು. ಮುಂದೆ ಕೈತುಂಬ ಸಂಪಾದಿಸಿ ಬಡವರಿಗೂ ಸೆರೆಯಾಳುಗಳಿಗೂ ನೆರವಾದರು.

ಆದರೆ ಸರಕಾರ ಹಂಚಿದ ಆ ಭೂಮಿ ಯಾರದಾಗಿತ್ತು? ಲಾರಾ ಇಂಗಲ್ಸ್ ವೈಲ್ಡರ್ ತಮ್ಮ ಬಾಲ್ಯದ ಮನೆಯನ್ನು ನೆನೆದು ಬರೆದ ಕಾದಂಬರಿ 1935ರಲ್ಲಿ ಪ್ರಕಟವಾಗಿ ಮನೆಮಾತಾಯಿತು. ಕಾನ್ಸಾಸ್‌ನ ಆ ಮನೆ ನಿಂತಿದ್ದುದು ಓಸೇಜ್ ಜನರ ನೆಲದಲ್ಲಿ. ಕೆಲವೇ ವರ್ಷಗಳಲ್ಲಿ ಆ ಜನ ಅಲ್ಲಿಂದ ಗುಳೆ ಹೋಗಬೇಕಾಯಿತು. ಮೂಲನಿವಾಸಿಗಳೆಲ್ಲರಿಗೂ ತಮ್ಮದೇ ನೆಲದಲ್ಲಿ ಪೌರತ್ವ ಸಿಕ್ಕಿದ್ದು 1924ರಲ್ಲಿ.

ವಲಸೆ ಬಂದವಳ ಬೆವರು ಸುಳ್ಳಲ್ಲ. ನೆಲ ಬಿಟ್ಟವಳ ಕಣ್ಣೀರೂ ಸುಳ್ಳಲ್ಲ. ಒಬ್ಬಳನ್ನು ಹೊಗಳಲು ಇನ್ನೊಬ್ಬಳನ್ನು ಮರೆತರೆ, ಗಂಡಸರ ಇತಿಹಾಸ ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ.